ಸೋಡಚೀಟಿಯಿಂದ ಡಿಕ್ರಿಯವರೆಗೆ

ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆಯಾಗಿ ಕೂತ ಒಂದು ಬಾಂಡ್ ಪೇಪರ್. ಮೇಲೆ ನೂರು ರೂಪಾಯಿಯ ಮುದ್ರಾಂಕ. ಕೆಳಗೆ ಗಂಡನ ಸಹಿ, ಹೆಂಡತಿಯ ಹೆಬ್ಬೆಟ್ಟು, ಎರಡೂ ಕಡೆಯ ಹಿರಿಯರ ರುಜು, ಒಂದು ಮೂಲೆಯಲ್ಲಿ ನೋಟರಿಯ ಮೊಹರು. ನಡುವೆ ಹತ್ತೆಂಟು ಸಾಲು: ಇಂದಿನಿಂದ ನಮ್ಮಿಬ್ಬರ ಸಂಬಂಧ ಹರಿಯಿತು, ಯಾರು ಬೇರೆ ಲಗ್ನ ಮಾಡಿಕೊಂಡರೂ ಇನ್ನೊಬ್ಬರ ತಕರಾರಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಇದಕ್ಕೆ ಸೋಡಚೀಟಿ ಎನ್ನುತ್ತಾರೆ. ಮರಾಠಿ ನೆಲದ ಒಡನಾಟದಿಂದ ಬಂದ ಮಾತು. ಕರ್ನಾಟಕದಲ್ಲಿ ಹಳೆಯ ಛಾಪಾ ಕಾಗದ ಹೋಗಿ ಇ-ಸ್ಟ್ಯಾಂಪ್ ಬಂದು ಎಷ್ಟೋ ವರ್ಷವಾದರೂ ಜನರ ಬಾಯಲ್ಲಿ ಅದು ಇನ್ನೂ ಬಾಂಡೇ. ‘ಬಾಂಡ್ ಮ್ಯಾಲ ಬರದದ್ದಾಗ್ಯದರಿ, ಇನ್ನ ಕೋರ್ಟ್ ಯಾಕ?’ ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಆ ಕಾಗದದಿಂದ ಮದುವೆ ಮುರಿಯುವುದಿಲ್ಲ.

ಕೋರ್ಟಿಗೆ ಹೋದರೆ ವಕೀಲರ ಫೀಸು, ವರ್ಷಗಟ್ಟಲೆ ಅಲೆದಾಟ, ಊರೆಲ್ಲ ಮಾತು ಎಂಬ ಅಂಜಿಕೆಯೇ ಜನರನ್ನು ಬಾಂಡ್ ಪೇಪರಿನ ಕಡೆ ತಳ್ಳುತ್ತದೆ. ಆ ಅಂಜಿಕೆಯಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಕೋರ್ಟಿನ ಕಾಗದಪತ್ರಗಳಲ್ಲಿ ಒಂದು ದೊಡ್ಡ ಪಾಲನ್ನು ಕಕ್ಷಿದಾರರು ತಾವೇ ಸಿದ್ಧಪಡಿಸಬಹುದು, ತಾವೇ ಸಲ್ಲಿಸಬಹುದು, ತಾವೇ ನ್ಯಾಯಾಧೀಶರ ಮುಂದೆ ನಿಂತು ಮಾತಾಡಬಹುದು ಎಂಬುದು ಈ ನಾಲ್ಕು ತಾಲ್ಲೂಕುಗಳ ಬಹಳಷ್ಟು ಮನೆಗಳಿಗೆ ಮುಟ್ಟಿಲ್ಲ. ಯಾವುದನ್ನು ಸ್ವತಃ ಮಾಡಬಹುದು, ಯಾವುದನ್ನು ಮಾಡಬಾರದು ಎಂಬ ಗೆರೆಯೂ ಸ್ಪಷ್ಟವಾಗಿ ತಿಳಿದಿಲ್ಲ.

ಸೋಡಚೀಟಿಗೆ ಹಿಂದೊಂದು ಕಾಲದಲ್ಲಿ ಸಮಾಜದ ಬಲವಿತ್ತು ಎಂಬುದನ್ನು ಒಪ್ಪಬೇಕು. ವಿಜಯಪುರ ಸೀಮೆಯ ಅನೇಕ ಸಮುದಾಯಗಳಲ್ಲಿ ಬಿಟ್ಟವಳಿಗೆ, ಗಂಡ ಸತ್ತವಳಿಗೆ ಉಡಿಕಿ ಮಾಡಿ ಮತ್ತೆ ಸಂಸಾರ ಕಟ್ಟಿಕೊಡುವ ರೂಢಿಯಿತ್ತು. ಲಂಬಾಣಿ ತಾಂಡಾಗಳಲ್ಲಿ ನಾಯಕ, ಡಾವ್, ಕಾರಭಾರಿ ಕೂಡಿ ನ್ಯಾಯ ಹೇಳುತ್ತಿದ್ದರು. ಹಾಗೆಂದು ಕೋರ್ಟುಗಳು ಈ ನ್ಯಾಯವನ್ನು ಕಣ್ಣು ಮುಚ್ಚಿ ಒಪ್ಪಿದ್ದಿಲ್ಲ. ಈ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ 1876ರಲ್ಲೇ ಮುಂಬೈ ಹೈಕೋರ್ಟು, ಗಂಡನಿರುವಾಗ ಹೆಣ್ಣಿಗೆ ಬೇರೆ ಮದುವೆಯ ಅಪ್ಪಣೆ ಕೊಡುವ ಅಧಿಕಾರ ಜಾತಿ ಪಂಚಾಯಿತಿಗಿಲ್ಲ ಎಂದು ಹೇಳಿತ್ತು. ಮುಂದೆ 1947ರಲ್ಲಿ ಮುಂಬೈ ಹಿಂದೂ ವಿಚ್ಛೇದನ ಕಾಯ್ದೆ ಬಂತು. ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರ ಮೇ 18ರಂದು. ಅಂದರೆ ಆಗಿನ ಬಿಜಾಪುರ ಜಿಲ್ಲೆಯ ಹಿಂದೂ ಹೆಣ್ಣುಮಕ್ಕಳಿಗೆ ಕೋರ್ಟಿನ ಮೂಲಕ ಬಿಡುಗಡೆ ಕೇಳುವ ಹಕ್ಕು ಅದಕ್ಕೂ ಎಂಟು ವರ್ಷ ಮೊದಲೇ ಸಿಕ್ಕಿತ್ತು. ಮೈಸೂರು ಸಂಸ್ಥಾನದ 1933ರ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆಯಲ್ಲಿ ಆಸ್ತಿ, ಜೀವನಾಂಶದ ಮಾತಿತ್ತು, ವಿಚ್ಛೇದನ ಇರಲಿಲ್ಲ. ಈ ವಿಷಯದಲ್ಲಿ ಮುಂದಿದ್ದ ಜಿಲ್ಲೆಯಲ್ಲೇ ಇಂದಿಗೂ ಬಾಂಡ್ ಪೇಪರ್ ನಡೆಯುತ್ತಿರುವುದು ನೋವಿನ ಸಂಗತಿ.

1955ರ ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನಕ್ಕೆ ಒಂದು ಸಣ್ಣ ಬಾಗಿಲು ಬಿಟ್ಟಿದೆ. ಸಮುದಾಯದಲ್ಲಿ ಅಂಥ ಪದ್ಧತಿ ಬಹು ಹಿಂದಿನಿಂದ ನಡೆದುಬಂದಿದ್ದರೆ ಅದಕ್ಕೆ ಧಕ್ಕೆಯಿಲ್ಲ. ಆದರೆ ಆ ಬಾಗಿಲಲ್ಲಿ ತೂರುವುದು ಸುಲಭವಿಲ್ಲ. ಯಮನಾಜಿ ಜಾಧವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಫೆಬ್ರವರಿ 1ರಂದು ಹೇಳಿದ್ದು ಇದನ್ನೇ: ರೂಢಿಯಿದೆ ಎನ್ನುವವರು ಅದನ್ನು ತಮ್ಮ ಅರ್ಜಿಯಲ್ಲಿ ಬಿಡಿಸಿ ಹೇಳಬೇಕು, ಸಾಕ್ಷಿ ಕೊಟ್ಟು ಸಾಬೀತು ಮಾಡಬೇಕು, ಸಾಬೀತಾಗದಿದ್ದರೆ ಅಂಥ ವಿಚ್ಛೇದನ ಪತ್ರ ಸಾರ್ವಜನಿಕ ನೀತಿಗೆ ವಿರುದ್ಧ. ಆ ಪ್ರಕರಣದಲ್ಲಿ ಜಗಳ ಎದ್ದದ್ದು 1982ರಲ್ಲಿ ಬರೆದ ಒಂದು ಪತ್ರದ ಮೇಲೆ. ಇಪ್ಪತ್ತು ವರ್ಷದ ನಂತರವೂ ಅದು ಊರ್ಜಿತವೋ ಅಲ್ಲವೋ ಎಂಬುದು ತೀರ್ಮಾನವಾಗದೆ ಮತ್ತೆ ಕೆಳಗಿನ ಕೋರ್ಟಿಗೇ ಹೋಯಿತು. ಕೋರ್ಟಿನ ಖರ್ಚು ಉಳಿಸಲು ಬರೆದ ಕಾಗದಕ್ಕೆ ಇಷ್ಟು ದೊಡ್ಡ ಬೆಲೆ. ಇನ್ನು ನೋಟರಿಯ ಮೊಹರಿನ ಮಾತು. ಮದುವೆ ಮಾಡಿಸುವುದಾಗಲಿ ಬಿಡುಗಡೆ ಪತ್ರ ಬರೆಸುವುದಾಗಲಿ ನೋಟರಿಗಳ ಕೆಲಸವಲ್ಲವೆಂದು ಕೇಂದ್ರ ಕಾನೂನು ಸಚಿವಾಲಯವೇ 2024ರ ಅಕ್ಟೋಬರ್ 10ರಂದು ಲಿಖಿತವಾಗಿ ತಿಳಿಸಿದೆ.

ಬಾಂಡನ್ನು ನಂಬಿ ಎರಡನೇ ಲಗ್ನವಾದವರ ಪಾಡು ಇನ್ನೂ ಬಿಗಿ. ಮೊದಲ ಮದುವೆ ಕಾನೂನಿನ ಕಣ್ಣಲ್ಲಿ ಜೀವಂತ ಇರುವುದರಿಂದ ಎರಡನೆಯದು ಶೂನ್ಯ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧವೂ ಹೌದು. ಅಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನು ಮಾತ್ರ ಕಾನೂನು ಕೈಬಿಟ್ಟಿಲ್ಲ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಸೆಪ್ಟೆಂಬರ್ 1ರಂದು, ಆ ಮಕ್ಕಳಿಗೆ ತಂದೆತಾಯಿಯ ಪಾಲಿನ ಆಸ್ತಿಯಲ್ಲಿ ಹಕ್ಕಿದೆ ಎಂದಿತು. ತಾಯಿಗೆ ಹೆಂಡತಿ ಎಂಬ ಸ್ಥಾನ ಮಾತ್ರ ಸಿಗುವುದಿಲ್ಲ.

ಹಾಗಾದರೆ ಕೋರ್ಟಿನ ದಾರಿ ಎಲ್ಲಿಂದ ಶುರು?

ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳಿವೆ. ಮದುವೆಯ ವ್ಯಾಜ್ಯಗಳು ಅಲ್ಲಿ ಎಂ.ಸಿ. ಎಂಬ ಸಂಖ್ಯೆಯಡಿ ನಡೆಯುತ್ತವೆ. ಜಿಲ್ಲಾ ಕೇಂದ್ರ ವಿಜಯಪುರದಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬರೆದವರು ಮನೆಯ ಜಗಳವನ್ನು ವಕೀಲರ ಕುಸ್ತಿಯಾಗಿಸಬಾರದು ಎಂಬ ಆಸೆಯಿಂದ 13ನೇ ಕಲಮಿನಲ್ಲಿ ಒಂದು ಮಾತು ಸೇರಿಸಿದರು: ವಕೀಲರನ್ನು ಇಟ್ಟುಕೊಳ್ಳುವುದು ಅಲ್ಲಿ ಯಾರಿಗೂ ಹಕ್ಕಾಗಿ ದೊರೆಯುವುದಿಲ್ಲ, ಬೇಕೆನಿಸಿದರೆ ನ್ಯಾಯಾಲಯ ಅನುಮತಿ ಕೊಡಬಹುದು, ಇಲ್ಲವೇ ತಾನೇ ಒಬ್ಬ ಕಾನೂನು ತಜ್ಞರ ನೆರವು ಪಡೆಯಬಹುದು. ಅನುಮತಿ ಕೇಳಿದವರಿಗೆ ಅದು ಸಾಮಾನ್ಯವಾಗಿ ಸಿಗುತ್ತದೆ. ತಾಲ್ಲೂಕು ಕೋರ್ಟುಗಳಿಗೆ ಈ ಕಲಮು ಅನ್ವಯಿಸದಿದ್ದರೂ, ಅರ್ಜಿದಾರರು ಖುದ್ದಾಗಿ ಹಾಜರಾಗಿ ನಡೆಸಿಕೊಳ್ಳುವ ಅವಕಾಶ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ವಕಾಲತ್ತುನಾಮೆ ಇಲ್ಲದ ಅರ್ಜಿ ಎಂಬ ಒಂದೇ ಕಾರಣಕ್ಕೆ ಅದನ್ನು ಹಿಂದಕ್ಕೆ ಕೊಡುವಂತಿಲ್ಲ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು.

ಯಾವ ಊರಿನ ಕೋರ್ಟು ಎಂಬುದಕ್ಕೂ ಉತ್ತರವಿದೆ. ಲಗ್ನವಾದ ಊರು, ಎದುರುದಾರರು ವಾಸಿಸುವ ಊರು, ಗಂಡಹೆಂಡತಿ ಕೊನೆಗೆ ಕೂಡಿ ಬಾಳಿದ ಊರು, ಇವುಗಳಲ್ಲಿ ಯಾವುದಾದರೂ ಆದೀತು. 2003ರ ತಿದ್ದುಪಡಿ ಇನ್ನೊಂದನ್ನು ಸೇರಿಸಿತು: ಅರ್ಜಿ ಹಾಕುವವಳು ಹೆಂಡತಿಯಾಗಿದ್ದರೆ ಅವಳು ಈಗ ವಾಸವಿರುವ ಊರು. ಸೋಲಾಪುರಕ್ಕೆ ಮದುವೆ ಮಾಡಿಕೊಟ್ಟ ಹೆಣ್ಣುಮಗಳು ತವರಿಗೆ ಮರಳಿ ಇಂಡಿ ತಾಲ್ಲೂಕಿನಲ್ಲಿದ್ದರೆ ಇಂಡಿಯಲ್ಲೇ ಅರ್ಜಿ ಹಾಕಬಹುದು. ಗಡಿ ದಾಟಿ ಬೀಗತನ ಮಾಡುವ ಈ ಸೀಮೆಗೆ ಇದು ದೊಡ್ಡ ಆಸರೆ. ಮದುವೆಯ ದಾಖಲೆ ಮರಾಠಿಯಲ್ಲಿದ್ದರೆ ಜೊತೆಗೆ ಕನ್ನಡ ಅನುವಾದ ಇಡಬೇಕು, ಅಷ್ಟೇ.

ಸ್ವತಃ ಮಾಡಿಕೊಳ್ಳಲು ಎಲ್ಲಕ್ಕಿಂತ ತಕ್ಕದ್ದು ಇಬ್ಬರೂ ಒಪ್ಪಿದ ವಿಚ್ಛೇದನ. 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ಸೇರಿದ 13–ಬಿ ಕಲಮು ಕೇಳುವುದು ಮೂರೇ ಸಂಗತಿ: ಒಂದು ವರ್ಷ ಅಥವಾ ಹೆಚ್ಚು ಕಾಲ ಬೇರೆ ಇದ್ದಾರೆ, ಕೂಡಿ ಬಾಳಲಾಗಿಲ್ಲ, ಬಿಡಲು ಇಬ್ಬರೂ ಒಪ್ಪಿದ್ದಾರೆ. ‘ಬೇರೆ’ ಎಂದರೆ ಬೇರೆ ಮನೆಯೇ ಆಗಬೇಕಿಲ್ಲ, ಗಂಡಹೆಂಡಿರಂತೆ ಬಾಳದೆ ಇದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಯಾರ ತಪ್ಪು ಎಂದು ಬರೆಯುವ ಅಗತ್ಯವಿಲ್ಲ. ಬಾಂಡ್ ಪೇಪರಿನ ಮೇಲೆ ಹತ್ತು ಸಾಲು ಬರೆಯುವ ಮನಸ್ಸಿದ್ದ ಗಂಡಹೆಂಡಿರಿಗೆ ಈ ಅರ್ಜಿ ಬರೆಯುವುದು ಅದಕ್ಕಿಂತ ತೀರ ಕಷ್ಟದ್ದಲ್ಲ.

ಆ ಅರ್ಜಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮೇಲ್ಭಾಗದಲ್ಲಿ ನ್ಯಾಯಾಲಯದ ಹೆಸರು, ‘ಎಂ.ಸಿ. ನಂ.’ ಎಂದು ಬರೆದು ಬಿಟ್ಟ ಖಾಲಿ ಜಾಗ. ಆಮೇಲೆ ಒಂದನೇ ಅರ್ಜಿದಾರ, ಎರಡನೇ ಅರ್ಜಿದಾರಳು. ಒಪ್ಪಿಗೆಯ ಅರ್ಜಿಯಲ್ಲಿ ಎದುರುದಾರರು ಇರುವುದಿಲ್ಲ. ಹೆಸರು, ವಯಸ್ಸು, ಉದ್ಯೋಗ, ವಿಳಾಸ. ಮೊದಲ ಎಡವಟ್ಟು ಇಲ್ಲೇ. ಈ ಸೀಮೆಯಲ್ಲಿ ಲಗ್ನದ ದಿನ ಸೊಸೆಗೆ ಹೊಸ ಹೆಸರಿಡುವ ಮನೆಗಳು ಬಹಳ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಲಗ್ನಪತ್ರಿಕೆಯಲ್ಲಿ ಇನ್ನೊಂದು, ಆಧಾರದಲ್ಲಿ ತಂದೆಯ ಅಡ್ಡಹೆಸರೋ ಗಂಡನದೋ ಎಂಬ ಗೊಂದಲ. ಎಲ್ಲ ಹೆಸರುಗಳನ್ನೂ ‘ಉರ್ಫ್’ ಹಾಕಿ ಮೊದಲ ಸಾಲಿನಲ್ಲೇ ಬರೆಯದಿದ್ದರೆ, ಮುಂದೆ ಡಿಕ್ರಿಯಲ್ಲಿರುವ ಹೆಂಗಸು ತಾನೇ ಎಂದು ಪ್ರತಿ ಕಚೇರಿಯಲ್ಲೂ ಸಾಬೀತು ಮಾಡುತ್ತ ತಿರುಗಬೇಕಾಗುತ್ತದೆ.

ನಂತರ ಅಂಕಿ ಹಾಕಿದ ಕಂಡಿಕೆಗಳು. ಲಗ್ನ ಯಾವಾಗ, ಎಲ್ಲಿ, ಯಾವ ಪದ್ಧತಿಯಲ್ಲಿ ಆಯಿತು. ಜಾತ್ರೆಯಲ್ಲೋ ಮಠದಲ್ಲೋ ಸಾಮೂಹಿಕ ವಿವಾಹದಲ್ಲಿ ಆಗಿದ್ದರೆ ಅದನ್ನೇ ಬರೆಯಬೇಕು. ನೋಂದಣಿ ಆಗಿಲ್ಲದಿದ್ದರೆ ಲಗ್ನಪತ್ರಿಕೆ, ಅಕ್ಷತೆಯ ಫೋಟೊ, ಮಠದವರು ಕೊಟ್ಟ ಪತ್ರ ನಡೆಯುತ್ತವೆ. ಮಕ್ಕಳ ಹೆಸರು, ಹುಟ್ಟಿದ ದಿನ. ಬೇರೆಯಾದದ್ದು ಯಾವ ತಿಂಗಳು, ಯಾವ ವರ್ಷ. ಮಕ್ಕಳು ಯಾರ ಬಳಿ, ನೋಡಲು ಬರುವುದು ಯಾವಾಗ. ಜೀವನಾಂಶ ಎಷ್ಟು, ಯಾವ ದಿನ, ಹೇಗೆ. ಬಂಗಾರ, ಪಾತ್ರೆ ಪಡಗ ಹಿಂದಿರುಗಿದವೋ ಇಲ್ಲವೋ. ಇಬ್ಬರ ನಡುವೆ ಬೇರೆ ಕೇಸುಗಳಿದ್ದರೆ ಅವುಗಳ ಸಂಖ್ಯೆ. ಒತ್ತಾಯ, ಮೋಸ, ಒಳಸಂಚು ಇಲ್ಲ ಎಂಬ ಮಾತು. ಈ ಕೋರ್ಟಿಗೆ ಅಧಿಕಾರ ಹೇಗೆ ಬರುತ್ತದೆ ಎಂಬ ಕಂಡಿಕೆ. ಕೊನೆಗೆ ಬೇಡಿಕೆ.

ಎಲ್ಲ ಮುಗಿದ ಮೇಲೆ ಕೆಳಗೆ ‘ದೃಢೀಕರಣ’ ಎಂಬ ನಾಲ್ಕು ಸಾಲು. ಯಾವ ಕಂಡಿಕೆಗಳು ತಮ್ಮ ಸ್ವಂತ ಅರಿವಿನಿಂದ ನಿಜ, ಯಾವುವು ಬೇರೆಯವರು ತಿಳಿಸಿದ್ದನ್ನು ನಂಬಿ ಬರೆದದ್ದು ಎಂದು ಅಂಕಿ ಹಿಡಿದು ಹೇಳಿ, ಸ್ಥಳ, ತಾರೀಖು ಹಾಕಿ ಸಹಿ ಮಾಡಬೇಕು. ಅದರ ಹಿಂದೆ ಅಫಿಡವಿಟ್. ಓದು ಬಾರದವರು ಹೆಬ್ಬೆಟ್ಟು ಒತ್ತುವ ಮೊದಲು ಪೂರ್ತಿ ಓದಿಸಿ ಕೇಳಬೇಕು, ಹಾಗೆ ಓದಿ ಹೇಳಲಾಯಿತು ಎಂಬ ಸಾಲು ಅದರಲ್ಲಿ ಇರಬೇಕು. ಕೋರ್ಟಿನ ಸುತ್ತಲ ಟೈಪಿಂಗ್ ಅಂಗಡಿಗಳಲ್ಲಿ ಹಳೆಯ ಫೈಲು ತೆರೆದು ಹೆಸರು ಬದಲಿಸಿ ಕೊಡುವ ಅವಸರ ಇರುತ್ತದೆ. ಹೆಸರು ಬದಲಾಗುತ್ತದೆ, ಯಾರದೋ ಮಗುವಿನ ವಯಸ್ಸು, ಯಾರದೋ ಊರು ಹಾಗೇ ಉಳಿದುಬಿಡುತ್ತದೆ. ಸಹಿ ಮಾಡಿದವರು ಆ ತಪ್ಪನ್ನೂ ಪ್ರಮಾಣ ಮಾಡಿ ಹೇಳಿದಂತಾಗುತ್ತದೆ. ಟೈಪಾದ ಪ್ರತಿಯನ್ನು ಮನೆಗೆ ಒಯ್ದು ಒಂದು ರಾತ್ರಿ ಇಟ್ಟುಕೊಂಡು ಓದಿಸುವುದು ಎಲ್ಲಕ್ಕಿಂತ ಅಗ್ಗದ ಮುನ್ನೆಚ್ಚರಿಕೆ.

ಒಪ್ಪಂದದಲ್ಲಿ ಒಂದು ಮಾತಿಗೆ ಮಾತ್ರ ಬೆಲೆಯಿಲ್ಲ. ‘ಮಕ್ಕಳ ಖರ್ಚು ಇನ್ನು ಮುಂದೆ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ. ಅದು ಅವಳದಲ್ಲ, ಬಿಟ್ಟುಕೊಡಲು. ಹಿರಿಯರ ನಡುವಿನ ಮಾತುಕತೆಯಲ್ಲಿ ‘ಒಮ್ಮೆಲೇ ಇಷ್ಟು ಕೊಟ್ಟು ತೀರಿಸಿಬಿಡೋಣ’ ಎನ್ನುವಾಗ ಮಗುವಿನ ಹೆಸರೂ ಆ ಮೊತ್ತದಲ್ಲಿ ಮುಳುಗಿಹೋಗುವುದನ್ನು ತಡೆಯಬೇಕು. ಹಣ ನಗದಾಗಿ ಕೈಯಿಂದ ಕೈಗೆ ಹೋಗದೆ ಡಿಡಿ ಅಥವಾ ಬ್ಯಾಂಕ್ ಖಾತೆಯ ಮೂಲಕ ಹೋಗುವುದು ಒಳ್ಳೆಯದು.

ಅರ್ಜಿಯನ್ನು ಕೋರ್ಟ್ ಕಚೇರಿಯಲ್ಲಿ ಕೊಟ್ಟಾಗ ಶಿರಸ್ತೇದಾರರ ಕಡೆಯಿಂದ ಪರಿಶೀಲನೆ ನಡೆಯುತ್ತದೆ. ಕೋರ್ಟ್ ಫೀ, ಪ್ರತಿಗಳ ಸಂಖ್ಯೆ, ಸಹಿ, ಪುಟದ ಅಂಕಿ ನೋಡಿ ಆಕ್ಷೇಪಣೆ ಹಾಕಬಹುದು. ಅದನ್ನು ಕಂಡು ಎದೆಗುಂದಬೇಕಿಲ್ಲ. ವಕೀಲರ ಅರ್ಜಿಗಳಿಗೂ ಆಕ್ಷೇಪಣೆ ಬರುತ್ತದೆ. ಸರಿಪಡಿಸಿ ಕೊಟ್ಟ ಮೇಲೆ ನಂಬರು ಬೀಳುತ್ತದೆ, ಜೊತೆಗೆ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು ಮೊಬೈಲಿನಲ್ಲೇ ಕಾಣುತ್ತದೆ. ಪುಣೆಯಲ್ಲಿ ಕಟ್ಟಡ ಕೆಲಸಕ್ಕೋ ಗೋವಾಕ್ಕೋ ದುಡಿಯಲು ಹೋದವರು ತಾರೀಖು ಕೇಳಲೆಂದೇ ಸಿಂದಗಿಯವರೆಗೆ ಬಸ್ ಹತ್ತಬೇಕಿಲ್ಲ.

ಅರ್ಜಿ ಸಲ್ಲಿಸಿದ ದಿನದಿಂದ ಆರು ತಿಂಗಳು ಕಾಯಬೇಕು, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ‘ಈಗಲೂ ಒಪ್ಪಿಗೆಯಿದೆ’ ಎನ್ನಬೇಕು ಎಂಬುದು ಕಾಯ್ದೆಯ ನಿಯಮ. ಆ ಆರು ತಿಂಗಳನ್ನು ಮನ್ನಾ ಮಾಡುವ ಅಧಿಕಾರ ವಿಚಾರಣಾ ನ್ಯಾಯಾಲಯಕ್ಕೇ ಇದೆ ಎಂದು ಅಮರದೀಪ್ ಸಿಂಗ್ ಪ್ರಕರಣದಲ್ಲಿ 2017ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೆ ಷರತ್ತುಗಳಿವೆ: ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು, ರಾಜಿ ಯತ್ನ ಸೋತಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ಪೂರ್ತಿ ಇತ್ಯರ್ಥವಾಗಿರಬೇಕು. ಮೊದಲ ಹಾಜರಿ ಮುಗಿದು ಒಂದು ವಾರದ ನಂತರ ಇದಕ್ಕಾಗಿ ಬೇರೆ ಅರ್ಜಿ ಕೊಡಬಹುದು. ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರೇ ಆಗಲಿ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು ಎಂಬುದೂ ನೆನಪಿರಲಿ. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕೆಂದು ಕಾಯ್ದೆಯ 22ನೇ ಕಲಮು ಹೇಳುತ್ತದೆ. ಊರವರ ಮುಂದೆ ಮಾನ ಹೋದೀತು ಎಂದು ಅಂಜುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು.

ಇಬ್ಬರಲ್ಲಿ ಒಬ್ಬರು ಒಪ್ಪದಿದ್ದರೆ ಕಥೆಯೇ ಬೇರೆ. ಕ್ರೌರ್ಯ, ಎರಡು ವರ್ಷ ಬಿಟ್ಟುಹೋದದ್ದು ಇತ್ಯಾದಿ ಕಾರಣ ಹಿಡಿದು 13ನೇ ಕಲಮಿನಡಿ ಹೋಗಬೇಕು. ಎದುರಿನವರು ಕೈಫಿಯತ್ತು ಸಲ್ಲಿಸುತ್ತಾರೆ, ಸಾಕ್ಷಿ ಆಗುತ್ತದೆ, ಪಾಟೀ ಸವಾಲು ನಡೆಯುತ್ತದೆ. ತನ್ನದೇ ಸಂಸಾರದ ಬಗ್ಗೆ ಎದುರು ವಕೀಲರ ಪ್ರಶ್ನೆಗೆ ಉತ್ತರಿಸುವುದೇ ಕಷ್ಟ, ಆಮೇಲೆ ಎದ್ದು ನಿಂತು ಗಂಡನಿಗೋ ಹೆಂಡತಿಗೋ ತಾನೇ ಪಾಟೀ ಸವಾಲು ಹಾಕುವುದು ಇನ್ನೂ ಕಷ್ಟ. ಅಲ್ಲಿ ವಕೀಲರು ಬೇಕು. ಈ ತಾಲ್ಲೂಕುಗಳಲ್ಲಿ ಕಕ್ಷಿದಾರರ ಕೈ ನೋಡಿ ಕಡಿಮೆ ಫೀಸಿಗೆ ಕೆಲಸ ಮಾಡುವ ವಕೀಲರೂ ಇದ್ದಾರೆ. ಫೀಸು ಕೊಡಲು ಆಗದವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಅದನ್ನು ಕೇಳುವ ಜಾಗ ಅದೇ ಕೋರ್ಟಿನ ಆವರಣದಲ್ಲಿದೆ.

ಅದರ ಹೆಸರು ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ಅಲ್ಲಿಯ ಅತಿ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗಬೇಕು. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯದ ಮಿತಿ 3 ಲಕ್ಷ ರೂಪಾಯಿ. ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೂ ಸಾಕು. ಕೋರ್ಟ್ ಫೀ, ಸಮನ್ಸ್ ಖರ್ಚು, ಟೈಪಿಂಗ್, ನಕಲು ಎಲ್ಲವೂ ಆ ನೆರವಿನಲ್ಲಿ ಸೇರುತ್ತವೆ. ಹಾಗೆ ನೇಮಕವಾದ ವಕೀಲರು ಕಕ್ಷಿದಾರರಿಂದ ದುಡ್ಡು ಕೇಳುವಂತಿಲ್ಲ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ‘ಉಚಿತದ ವಕೀಲರು ಮನಸ್ಸಿಟ್ಟು ಮಾಡುವುದಿಲ್ಲ’ ಎಂಬ ಮಾತಿದೆ. ಒಪ್ಪಿಗೆಯಾಗದಿದ್ದರೆ ಬದಲಿಸಿಕೊಡಿ ಎಂದು ಸಮಿತಿಗೆ ಕೇಳಬಹುದು. ಕೇಳುವವರು ಕಡಿಮೆ, ಅದೇ ತೊಂದರೆ.

ವಿಚ್ಛೇದನಕ್ಕಿಂತ ಮೊದಲು ಹೊಟ್ಟೆಯ ಪ್ರಶ್ನೆ ಬರುವ ಮನೆಗಳೇ ಹೆಚ್ಚು. ಹಿಂದೆ ಸಿಆರ್‌ಪಿಸಿ 125 ಎಂದು ಊರೆಲ್ಲ ಬಲ್ಲ ಜೀವನಾಂಶದ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಈ ಅರ್ಜಿಯನ್ನೂ ಹೆಣ್ಣುಮಗಳು ತಾನಿರುವ ಊರಿನ ಕೋರ್ಟಿನಲ್ಲೇ, ತಾನೇ ಹಾಕಬಹುದು. ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ತಾಲ್ಲೂಕು ಮಟ್ಟದ ಸಂರಕ್ಷಣಾಧಿಕಾರಿ. ಅರ್ಜಿ ಬರೆಸಿ ಕೋರ್ಟಿಗೆ ಮುಟ್ಟಿಸುವುದು ಅವರ ಕರ್ತವ್ಯ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು ಎನ್ನುತ್ತದೆ ಕಾಯ್ದೆ.

ರಜನೇಶ್–ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಜೀವನಾಂಶದ ಕಾಗದಪತ್ರದ ಸ್ವರೂಪವನ್ನೇ ಬದಲಿಸಿತು. ಗಂಡ, ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚಿನ ವಿವರವನ್ನು ಗೊತ್ತುಮಾಡಿದ ನಮೂನೆಯಲ್ಲಿ ಪ್ರಮಾಣಪತ್ರವಾಗಿ ಕೊಡಬೇಕು. ಜೀವನಾಂಶ ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಆದರೆ ನೌಕರಿಯವರಿಗೆ ಆದಾಯ ತೋರಿಸುವ ಕಾಗದಗಳು ಸಿದ್ಧವಾಗಿರುತ್ತವೆ: ಸಂಬಳದ ಚೀಟಿ, ತೆರಿಗೆ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟು. ಇಂಡಿಯ ಲಿಂಬೆ ತೋಟದವನಿಗೆ, ಕಬ್ಬಿನವನಿಗೆ, ತೊಗರಿ ಬೆಳೆಯುವವನಿಗೆ ಸಂಬಳದ ಚೀಟಿ ಎಲ್ಲಿಂದ? ‘ನನಗೇನೂ ಆದಾಯವಿಲ್ಲ, ಕೂಲಿ ಮಾಡುತ್ತೇನೆ’ ಎಂದು ಬರೆದುಬಿಡುವುದು ಸುಲಭ.

ಅದನ್ನು ಎದುರಿಸುವ ಕಾಗದ ಹೊರಗೇ ಇದೆ, ಉತಾರ. ಪಹಣಿಗೆ ಈ ಭಾಗದ ಹೆಸರು ಅದು. ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರು ಗೊತ್ತಿದ್ದರೆ ಯಾರು ಬೇಕಾದರೂ ಪಡೆಯಬಹುದು. ಎಷ್ಟು ಎಕರೆ, ಯಾರ ಹೆಸರಿನಲ್ಲಿ, ಯಾವ ಬೆಳೆ, ಯಾವ ಬ್ಯಾಂಕಿನ ಬೋಜಾ, ಎಲ್ಲ ಒಂದೇ ಹಾಳೆಯಲ್ಲಿ. ಐದು ವರ್ಷದ ಉತಾರಗಳನ್ನು ಜೋಡಿಸಿದರೆ ಕಳೆದ ವರ್ಷವಷ್ಟೇ ಅಣ್ಣನ ಹೆಸರಿಗೆ ಬರೆಸಿಕೊಟ್ಟ ಹೊಲವೂ ಕಣ್ಣಿಗೆ ಬೀಳುತ್ತದೆ. ಕಾರ್ಖಾನೆಗೆ ಕಬ್ಬು ಹೋಗಿದ್ದರೆ ಬಿಲ್ಲಿನ ಹಣ ಬ್ಯಾಂಕಿಗೆ ಬಂದಿರುತ್ತದೆ. ಆ ದಾಖಲೆ ತರಿಸಿ ಎಂದು ಕೋರ್ಟಿಗೆ ಕೇಳಬಹುದು. ವಕೀಲರಿದ್ದರೂ ಇಲ್ಲದಿದ್ದರೂ ಇದನ್ನು ಹುಡುಕಿಕೊಡಬೇಕಾದವರು ಆ ಮನೆಯಲ್ಲಿ ಬಾಳಿದವರೇ. ಯಾವ ಹೊಲಕ್ಕೆ ಬೋರ್‌ವೆಲ್ ಇದೆ ಎಂಬುದು ಸೊಸೆಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು?

ಆದೇಶವಾದ ಮೇಲೆ ದುಡ್ಡು ಬರದಿದ್ದರೆ ವಸೂಲಿಗೆ ಇನ್ನೊಂದು ಅರ್ಜಿ. ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅದನ್ನು ಹಾಕಬೇಕು. ‘ಇಂದು ಕೊಟ್ಟಾನು, ನಾಳೆ ಕೊಟ್ಟಾನು’ ಎಂದು ಕಾದು ವರ್ಷ ಮೀರಿಸಿದ ಹೆಣ್ಣುಮಕ್ಕಳು ಕಳೆದುಕೊಳ್ಳುವ ಮೊತ್ತ ಸಣ್ಣದಲ್ಲ.

ಕೆಲವರು ಅರ್ಜಿ ಬರೆಯುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಮಗೆ ಯಾವ ಕಾಯ್ದೆ? ಹಿಂದೂ ವಿವಾಹ ಕಾಯ್ದೆಯ 2ನೇ ಕಲಮು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ನೇರವಾಗಿ ಹೇಳುತ್ತದೆ. ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲಿ ಆ ಸಂದೇಹವಿಲ್ಲ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಾದ್ದರಿಂದ ಅವರಿಗೂ ಅದೇ ಕಾಯ್ದೆ. ಆದರೆ ಅದೇ ಕಲಮು, ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು, ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದೆ. ವಾಲ್ಮೀಕಿ ನಾಯಕರು, 2020ರಲ್ಲಿ ಪಂಗಡದ ಪಟ್ಟಿಗೆ ಸೇರಿದ ತಳವಾರರು ಈ ನಾಲ್ಕು ತಾಲ್ಲೂಕುಗಳಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ. ಹಿಂದೂ ಪದ್ಧತಿಯಲ್ಲಿ ಮದುವೆಯಾದ ಇಂಥ ಕುಟುಂಬಗಳ ಬಗ್ಗೆ ನ್ಯಾಯಾಲಯಗಳ ಉತ್ತರ ಒಂದೇ ರೀತಿ ಇಲ್ಲ. ಇವರು ಸ್ವತಃ ಅರ್ಜಿ ಬರೆಯುವ ಸಾಹಸಕ್ಕೆ ಹೋಗದೆ ಕಾನೂನು ಸೇವೆಗಳ ಸಮಿತಿಯ ಬಾಗಿಲಿಗೇ ಹೋಗುವುದು ಲೇಸು. ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಿದೆ, ಕ್ರೈಸ್ತರಿಗೆ 1869ರ ಕಾಯ್ದೆಯಿದೆ. ಬಾಲ್ಯದಲ್ಲೇ ಲಗ್ನವಾದವರಿಗೆ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಇನ್ನೂ ಮುಖ್ಯ: ಅದು ಜಾರಿಯಾದ ನಂತರ ಆದ ಬಾಲ್ಯವಿವಾಹ ಮೊದಲಿನಿಂದಲೇ ಶೂನ್ಯ.

ಸ್ವತಃ ಕೇಸು ನಡೆಸುವವರು ಸೋಲುವುದು ಹೆಚ್ಚಾಗಿ ಕಾನೂನಿನಲ್ಲಲ್ಲ, ತಾರೀಖಿನಲ್ಲಿ. ಸುಗ್ಗಿ ಬಂತು, ಬಸ್ ತಪ್ಪಿತು, ಮಗುವಿಗೆ ಜ್ವರ ಬಂತು. ವಕೀಲರಿದ್ದರೆ ಅವರು ಎದ್ದು ನಿಂತು ವಾಯಿದೆ ಕೇಳುತ್ತಾರೆ. ಒಬ್ಬರೇ ಇದ್ದರೆ ಹೆಸರು ಕೂಗಿದಾಗ ಉತ್ತರಿಸಲು ಯಾರೂ ಇರುವುದಿಲ್ಲ. ಗೈರುಹಾಜರಿಯ ಕಾರಣಕ್ಕೆ ಅರ್ಜಿ ವಜಾ ಆಗುತ್ತದೆ. ಆಗ 30 ದಿನದೊಳಗೆ ಕಾರಣ ಹೇಳಿ ಮತ್ತೆ ದಾಖಲಿಗೆ ತರಲು ಅರ್ಜಿ ಹಾಕಬೇಕು. ಎದುರುದಾರರಿಗೂ ಇದೇ ಅಪಾಯ. ಗಂಡ ಗೋವಾದಲ್ಲಿದ್ದು ಸಮನ್ಸು ಹಳ್ಳಿಯ ವಿಳಾಸಕ್ಕೆ ಹೋಗಿ ‘ಮನೆಯಲ್ಲಿಲ್ಲ’ ಎಂದು ಮರಳಿದರೆ, ಕೊನೆಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಏಕಪಕ್ಷೀಯವಾಗಿ ಡಿಕ್ರಿ ಆಗಬಹುದು. ಹಾಗಾಗಿ ದುಡಿಯುವ ಜಾಗದ ವಿಳಾಸ, ಮೊಬೈಲ್ ನಂಬರು ಅರ್ಜಿಯಲ್ಲಿ ಬರೆಯುವುದು ಪ್ರಾಮಾಣಿಕತೆಯೂ ಹೌದು, ನಾಳೆ ಡಿಕ್ರಿ ರದ್ದಾಗದಂತೆ ಕಾಯುವ ಬೇಲಿಯೂ ಹೌದು.

ಲೋಕ ಅದಾಲತ್ತಿನಲ್ಲಿ ಹಾರ ಬದಲಿಸಿಕೊಂಡು ಮತ್ತೆ ಒಂದಾದ ದಂಪತಿಗಳ ಫೋಟೊ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಜೀವನಾಂಶದ ರಾಜಿಯೂ ಅಲ್ಲಿ ಆಗುತ್ತದೆ. ವಿಚ್ಛೇದನ ಮಾತ್ರ ಅದಾಲತ್ತಿನ ವ್ಯಾಪ್ತಿಗೆ ಹೊರಗು. ಅದಕ್ಕೆ ನ್ಯಾಯಾಧೀಶರ ಡಿಕ್ರಿಯೇ ಬೇಕು.

ಆ ಡಿಕ್ರಿಯ ಒಂದೊಂದು ನಕಲನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕು. ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನ ನಾಲ್ಕನೇ ಉಪಕಲಮು ಇದನ್ನು ನ್ಯಾಯಾಲಯದ ಹೊಣೆ ಎಂದೇ ಬರೆದಿದೆ. ಆ ಕಲಮಿನ ಅಂಕಿ ಹೇಳಿ ಕೇಳಿದರೆ ಸಾಕು. ಮೇಲ್ಮನವಿಗೆ 90 ದಿನ. ಅದು ಮುಗಿಯುವವರೆಗೆ, ಮೇಲ್ಮನವಿ ಬಿದ್ದಿದ್ದರೆ ಅದು ತೀರುವವರೆಗೆ, ಬೇರೆ ಲಗ್ನದ ಮಾತಿಲ್ಲ. ಮೊಹರು ಬಿದ್ದ ನಕಲನ್ನು ಮನೆಯಲ್ಲಿ ಭದ್ರವಾಗಿಟ್ಟು, ಅದರ ಝೆರಾಕ್ಸ್ ಹಿಡಿದು ಮೊದಲು ಹೋಗಬೇಕಾದದ್ದು ಪಡಿತರ ಚೀಟಿ ಬೇರೆ ಮಾಡಿಸುವಲ್ಲಿಗೆ, ಆಮೇಲೆ ಬ್ಯಾಂಕಿನ ನಾಮಿನಿ ಬದಲಿಸುವಲ್ಲಿಗೆ. ಕೌಂಟರಿನ ಗುಮಾಸ್ತರು ಮೊದಲು ನೋಡುವುದು ಹೆಸರನ್ನು. ಅರ್ಜಿಯ ಮೊದಲ ಸಾಲಿನಲ್ಲಿ ‘ಉರ್ಫ್’ ಹಾಕಿ ಬರೆಸಿದ್ದ ಎರಡೂ ಹೆಸರು ಡಿಕ್ರಿಯಲ್ಲೂ ಹಾಗೇ ಇವೆಯೋ ಎಂದು ಕೋರ್ಟಿನ ಮೆಟ್ಟಿಲು ಇಳಿಯುವ ಮೊದಲೇ ಓದಿಸಿ ನೋಡಿಕೊಂಡಿರಬೇಕು.